ಎದುರು ಮಾತಿನ ಪಾಳಿ

ಎರಕದ ಕಾರ್ಖಾನೆಯ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ. ಪ್ರತಿ ಸೋಮವಾರ ಅದರ ಮೇಲೆ ಆ ವಾರದ ಪಾಳಿ ಬರೆಯುತ್ತಾರೆ. ಕುಲುಮೆಗೆ ಇಬ್ಬರು, ಅಚ್ಚಿಗೆ ನಾಲ್ವರು, ಮರಳು ಜರಡಿಗೆ ಮೂವರು, ಕ್ರೇನಿಗೆ ಒಬ್ಬ, ಹೀಗೆ. ಇಷ್ಟು ಯಾವ ಕಾರ್ಖಾನೆಯಲ್ಲಾದರೂ ಇರುವಂಥದ್ದೇ. ಆದರೆ ಈ ಹಲಗೆಯ ಕಟ್ಟಕಡೆಯ ಸಾಲು ಮಾತ್ರ ಲೋಕದಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ. "ಎದುರು ಮಾತು: ದಿನಕ್ಕೆ ಒಬ್ಬರು." ಆ ಸಾಲಿನಲ್ಲಿ ಯಾರ ಸರದಿ ಬಂದಿದೆಯೋ ಅವರು ಬೆಳಿಗ್ಗೆ ಎಲ್ಲರ ಮುಂದೆ ನಿಂತು, ಯಜಮಾನಿಯ ಮುಖ ನೋಡಿಕೊಂಡು, ಅವಳ ಒಂದು ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಬೈಗುಳವಿಲ್ಲ. ಹೇಳದಿದ್ದರೆ ಅವತ್ತಿನ ಕೆಲಸಕ್ಕೆ ಗೈರುಹಾಜರಿ.

ಈ ವಿಚಿತ್ರವನ್ನು ತಂದವಳು ಯಜಮಾನಿಯೇ. ನಲವತ್ತಾರು ವರ್ಷದ ಗಟ್ಟಿ ಹೆಂಗಸು. ಕಾರ್ಖಾನೆಯ ಮೂವತ್ತೊಂದು ಜನಕ್ಕೂ ಅವಳು ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಅಚ್ಚಿನಜ್ಜ ಕೂಡ ಅಕ್ಕ ಎಂದೇ ಕರೆಯುತ್ತಿದ್ದ, ಅದಕ್ಕೆ ಯಾರೂ ನಗುತ್ತಿರಲಿಲ್ಲ. ಇಪ್ಪತ್ತು ವರ್ಷ ಅಚ್ಚಿಗೆ ಬೇಕಾದ ಮರದ ಮಾದರಿಗಳನ್ನು ಕೆತ್ತುವ ಕೋಣೆಯಲ್ಲಿ ಕೂತು ಉಳಿ ಹಿಡಿದವಳು ಅವಳು. ಎರಡು ವರ್ಷದ ಹಿಂದೆ ಅಣ್ಣ ಕೈಚೆಲ್ಲಿ ಮನೆ ಸೇರಿದಾಗ ಇಡೀ ಕಾರ್ಖಾನೆ ಅವಳ ತಲೆ ಮೇಲೆ ಬಿತ್ತು. ಅವಳು ಅದನ್ನು ಹೊತ್ತಳು, ಚೆನ್ನಾಗಿಯೇ ಹೊತ್ತಳು.

ಅಣ್ಣನ ಕಥೆ ಹೇಳದಿದ್ದರೆ ಈ ಪಾಳಿಯ ಕಥೆ ಅರ್ಥವಾಗುವುದಿಲ್ಲ. ಅವನಂಥ ಕೆಲಸಗಾರ ಸುತ್ತಮುತ್ತ ಇರಲಿಲ್ಲ. ಕುಲುಮೆಯೊಳಗಿನ ಬಣ್ಣ ನೋಡಿ ಕಬ್ಬಿಣ ಎಷ್ಟು ಕಾದಿದೆ ಎಂದು ಹೇಳುತ್ತಿದ್ದ, ಮೀಟರು ಆಮೇಲೆ ಬಂದು ಹೌದೆನ್ನುತ್ತಿತ್ತು. ಆದರೆ ಆ ಮನೆತನದವರಿಗೆ ಕೋಪ ಮೂಗಿನ ತುದಿಯಲ್ಲೂ ಅಲ್ಲ, ಅದಕ್ಕಿಂತ ಒಂದು ಗೇಣು ಮುಂದೆಯೇ ಇರುತ್ತಿತ್ತು. ಯಾರಾದರೂ "ಇಲ್ಲ" ಎಂಬ ಎರಡಕ್ಷರ ಹೇಳಿದರೆ ಸಾಕು, ಅವರ ಏಳು ತಲೆಮಾರಿನ ವಿಚಾರಣೆ ಆಗುತ್ತಿತ್ತು. ಜನ ಬಾಯಿ ಮುಚ್ಚಿಕೊಂಡರು. ಐದು ವರ್ಷದ ಹಿಂದೆ ಒಂದು ದಿನ ಹಸಿ ಉಳಿದಿದ್ದ ಅಚ್ಚಿಗೆ ಕಾದ ಕಬ್ಬಿಣ ಬಿತ್ತು. ಒಳಗಿನ ತೇವ ಹಬೆಯಾಗಿ ಅಚ್ಚು ಸಿಡಿಯಿತು. ಅಚ್ಚಿನಜ್ಜನ ಎಡಗಾಲು ಮೊಣಕಾಲಿನ ಕೆಳಗೆ ಸುಟ್ಟುಹೋಯಿತು. ಅಣ್ಣ ಆಸ್ಪತ್ರೆಗೆ ದಿನಾ ಹೋದ, ಅತ್ತ, ಗ್ರಹಚಾರ ಎಂದ. ಮರುವಾರ ಮತ್ತೆ ಕೂಗಾಡಿದ. ಒಳ್ಳೆಯ ಕೆಲಸಗಾರರು ಒಬ್ಬೊಬ್ಬರೇ ಜಾರಿಕೊಂಡರು, ಅವರ ಹಿಂದೆ ಗಿರಾಕಿಗಳೂ ಹೋದರು. ಅಣ್ಣನ ಕೈ ಯಾವತ್ತೂ ಸೋಲಲಿಲ್ಲ. ಸೋತದ್ದು ಕಿವಿ.

ಅಕ್ಕನಿಗೆ ತನ್ನ ಮೈಯಲ್ಲೂ ಅದೇ ರಕ್ತ ಹರಿಯುತ್ತಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಲಗೆಯ ಮೇಲೆ ಆ ಕೊನೆಯ ಸಾಲು ಬರೆಸಿದಳು. ಎಂಟು ತಿಂಗಳಿಂದ ಅದು ಒಂದು ದಿನವೂ ತಪ್ಪಿರಲಿಲ್ಲ, ಅವಳು ಒಂದು ದಿನವೂ ಯಾರ ಮೇಲೂ ಕೂಗಿರಲಿಲ್ಲ. ಆ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಬೇರೆ ಕಾರ್ಖಾನೆಯವರು ಬಂದಾಗ ಮೊದಲು ಕುಲುಮೆ ತೋರಿಸುತ್ತಿರಲಿಲ್ಲ, ಹಲಗೆ ತೋರಿಸುತ್ತಿದ್ದಳು.

"ಇವತ್ತು ಯಾರು ನಿನಗೆ ಮಂಗಳಾರತಿ ಎತ್ತೋರು?" ಎಂದು ಅಣ್ಣ ಆ ಶುಕ್ರವಾರ ಬೆಳಿಗ್ಗೆ ತಿಂಡಿಯ ಮುಂದೆ ಕೂತು ಕೇಳಿದ.

"ಅಜ್ಜ."

"ಅವನು ಬಾಯಿ ಬಿಟ್ರೆ ತಾನೇ." ಅಣ್ಣ ನಕ್ಕ. "ನೋಡು, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಕೆಲಸಗಾರರನ್ನ ತಲೆ ಮೇಲೆ ಕೂರಿಸ್ಕೊಂಡ್ರೆ ಒಂದು ದಿನ ಅವರು ಕೆಳಗಿಳಿಯಲ್ಲ ಅಂತಾರೆ."

"ನಿನ್ನ ಕಾಲದಲ್ಲಿ ಯಾರೂ ತಲೆ ಮೇಲೆ ಕೂತಿರಲಿಲ್ಲ. ಕಾರ್ಖಾನೆಯಲ್ಲೂ ಯಾರೂ ಉಳಿದಿರಲಿಲ್ಲ," ಎಂದಳು ಅಕ್ಕ. ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿ, "ಎರಕ ಎಷ್ಟು ಹೊತ್ತಿಗೆ? ನಾನೂ ಬರ್ತೀನಿ," ಎಂದ. ಎರಡು ವರ್ಷದಲ್ಲಿ ಅವನು ಕಾರ್ಖಾನೆಗೆ ಬರುತ್ತೇನೆ ಎಂದದ್ದು ಅದೇ ಮೊದಲು.

ಬರಬೇಕೆನಿಸುವಂಥ ಎರಕವೇ ಅದು. ಊರಿಗೆ ನೀರೆತ್ತುವ ಪಂಪಿನ ಹೊರಕವಚ. ಆಳೆತ್ತರದ್ದು, ಎರಡು ಟನ್ ಕಬ್ಬಿಣ ಒಂದೇ ಏಟಿಗೆ ಹೊಯ್ಯಬೇಕಾದದ್ದು. ಅಕ್ಕನ ಕೈಗೆ ಕಾರ್ಖಾನೆ ಬಂದ ಮೇಲೆ ಇಷ್ಟು ದೊಡ್ಡದು ಬಂದಿರಲಿಲ್ಲ. ಇದು ಸರಿಯಾಗಿ ಬಂದರೆ ಇಂಥವೇ ಇನ್ನು ಹನ್ನೆರಡು ಕವಚಗಳ ಕೆಲಸ ಕೊಡುವುದಾಗಿ ಪಂಪಿನವರು ಹೇಳಿದ್ದರು. ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ನೇರವಾಗಿಯೇ ಹೇಳಿದ್ದರು. ಹಾಗಾದರೆ ಮೂವತ್ತೊಂದರಲ್ಲಿ ಅರ್ಧ ಜನವನ್ನು ಅಕ್ಕ ಮನೆಗೆ ಕಳಿಸಬೇಕಾಗುತ್ತಿತ್ತು. ಗುರುವಾರಕ್ಕೆ ಲಾರಿ ಬರುವುದಿತ್ತು. ಹೊಯ್ದ ಕಬ್ಬಿಣ ಅಚ್ಚಿನೊಳಗೇ ಆರಲು ಮೂರು ದಿನ ಬೇಕು, ಹೆರೆದು ಉಜ್ಜಲು ಇನ್ನೊಂದು ದಿನ. ಹಾಗಾಗಿ ಶುಕ್ರವಾರ ಎರಕ ಆದರೆ ಒಂದು ದಿನ ಕೈಯಲ್ಲಿ ಉಳಿಯುತ್ತಿತ್ತು.

ದಿನ ಉಳಿಸುವುದಕ್ಕಾಗಿ ಅಕ್ಕ ಒಂದು ತೀರ್ಮಾನ ತೆಗೆದುಕೊಂಡಿದ್ದಳು. ಮರಳಿನ ಅಚ್ಚನ್ನು ಬಿಸಿಗಾಳಿಯಲ್ಲಿ ನಲವತ್ತು ಗಂಟೆ ಒಣಗಿಸುವುದು ಅಪ್ಪನ ಕಾಲದ ಪದ್ಧತಿ. ಹೊಸ ಬ್ಲೋವರು ಬಂದಿದೆ, ಮೂವತ್ತು ಸಾಕು ಎಂದಳು. ಅಜ್ಜ ಆಗ ಗಡ್ಡ ಕೆರೆದುಕೊಂಡಿದ್ದ, ಏನೂ ಹೇಳಿರಲಿಲ್ಲ.

ಆ ಬೆಳಿಗ್ಗೆ ಎಲ್ಲರೂ ಸೇರಿದಾಗ ಅಜ್ಜ ಸುಟ್ಟ ಕಾಲನ್ನು ಸ್ವಲ್ಪ ಮುಂದಿಟ್ಟು ನಿಂತು, ಗಂಟಲು ಸರಿಮಾಡಿಕೊಂಡು, "ಅಕ್ಕ, ಟೀ ಲೋಟ ಬಹಳ ಸಣ್ಣದಾಯ್ತು. ಅದು ನಿಮ್ಮ ತಪ್ಪು," ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ದೊಡ್ಡ ಲೋಟ ತರಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಂಡಳು. ನೋಡಿ, ಎಷ್ಟು ಸಲೀಸಾಗಿ ಹೇಳುತ್ತಾರೆ ಎಂದು ಮನಸ್ಸು ಹಗುರವಾಯಿತು.

ಹತ್ತೂವರೆಗೆ ಟೀ ವಿರಾಮ. ಅಕ್ಕ ಮರಳಿನ ರಾಶಿಗಳನ್ನು ನೋಡಲು ಹಿಂದಿನ ಅಂಗಳಕ್ಕೆ ಹೋದಳು. ರಾಶಿಯ ಆಚೆ ಬದಿಯಲ್ಲಿ ಕೆಲವರು ಕೂತಿದ್ದರು. ಅವರಿಗೆ ಅವಳು ಕಾಣುತ್ತಿರಲಿಲ್ಲ, ಅವಳಿಗೆ ಅವರ ಮಾತು ಕೇಳುತ್ತಿತ್ತು.

"ಏನಜ್ಜ, ಲೋಟ ನಂದಾಗಿತ್ತು," ಎನ್ನುತ್ತಿದ್ದವನು ಕ್ರೇನಿನವನು. ದಿನವಿಡೀ ಸೂರಿನ ಕೆಳಗಿನ ಪಂಜರದಲ್ಲಿ ಕೂರುವುದರಿಂದ ಅವನಿಗೆ ಮಾಳಿಗೆ ಎಂದೇ ಅಡ್ಡಹೆಸರು. "ನನ್ನ ಮುಂದಿನ ಸರದಿಗೆ ಅಂತ ಒಂದು ತಿಂಗಳಿಂದ ಇಟ್ಕೊಂಡಿದ್ದೆ. ಈಗ ನಾನೇನು ಹೇಳ್ಲಿ?"

"ನನ್ನ ಹತ್ರ ಒಂದು ಕಿಟಕಿ ಇದೆ," ಎಂದಿತು ಕುಲುಮೆಯವನ ದಪ್ಪ ದನಿ. "ಗಾಜು ಒಡೆದು ಆರು ತಿಂಗಳಾಯ್ತು, ಇನ್ನೂ ಹಾಕಿಸಿಲ್ಲ ಅಂತ. ಬೇಕಿದ್ರೆ ತಗೋ. ಆದ್ರೆ ನನಗೆ ಒಂದು ವಾಪಸ್ ಕೊಡಬೇಕು."

"ಸೋಪು ಯಾರ ಹತ್ರ ಇದೆ?"

"ಸೋಪು ಜರಡಿಯವರು ಹೇಳಿ ಮುಗಿಸಿದ್ರಲ್ಲ."

"ಹಿಂಗೇ ಆದ್ರೆ ಖಾಲಿಯಾಗತ್ತೆ ಕಣ್ರೋ," ಎಂದ ಮಾಳಿಗೆ. "ಆಮೇಲೆ ನಿಜವಾದ್ದೇ ಹೇಳ್ಬೇಕಾಗತ್ತೆ."

"ನಿಜವಾದ್ದಾ? ನಾನು ಹೇಳಿದ್ನಲ್ಲ ಒಂದ್ಸಲ, ಈ ಸಲ ಕುಲುಮೆಗೆ ತಂದ ಕೋಕ್ ಇದ್ದಲು ಕಳಪೆ, ನೀವು ನೋಡ್ದೆ ತಂದ್ರಿ ಅಂತ." ಕುಲುಮೆಯವನು ಟೀ ಹೀರಿದ ಸದ್ದಾಯಿತು. "ಬೈಲಿಲ್ಲಪ್ಪ. ಒಳ್ಳೇದಾಯ್ತು ಹೇಳಿದ್ದು ಅಂದ್ರು. ಆಮೇಲೆ ಮೂರು ವಾರ ನನ್ನ ಮುಖ ನೋಡ್ಲಿಲ್ಲ. ನನ್ನ ಹತ್ರ ಮಾತಾಡೋವಾಗ ನನ್ನ ಹಿಂದಿನ ಗೋಡೆ ನೋಡೋರು. ಅದಕ್ಕಿಂತ ಬೈಸ್ಕೊಳ್ಳೋದೇ ವಾಸಿ."

"ಅಣ್ಣಾವ್ರದು ಗುಡುಗು," ಎಂದ ಅಜ್ಜ ಮೆಲ್ಲಗೆ. "ಬಂದು ಹೋಗ್ತಿತ್ತು. ಅಕ್ಕಂದು ಮೋಡ. ಕವಿದ್ಕೊಂಡೇ ಇರತ್ತೆ."

ಅಕ್ಕನಿಗೆ ಅಂಗಾಲಿಂದ ನೆತ್ತಿಯವರೆಗೆ ಉರಿಯಿತು. ಎಂಟು ತಿಂಗಳು. ಎಂಟು ತಿಂಗಳಿಂದ ಇವರು ತನ್ನ ಬೆನ್ನ ಹಿಂದೆ ಸಂತೆ ಹೂಡಿದ್ದಾರೆ, ಲೋಟ ಕೊಟ್ಟು ಕಿಟಕಿ ತೆಗೆದುಕೊಳ್ಳುತ್ತಿದ್ದಾರೆ. ತಾನು ಹಲಗೆ ತೋರಿಸಿಕೊಂಡು ಬೀಗುತ್ತಿದ್ದೇನೆ. ಈಗಲೇ ಆಚೆ ಬದಿಗೆ ಹೋಗಿ ಒಬ್ಬೊಬ್ಬರ ನೀರಿಳಿಸಿಬಿಡಬೇಕು ಎನಿಸಿತು. ಎರಡು ಹೆಜ್ಜೆ ಇಟ್ಟೂಬಿಟ್ಟಳು. ಆಮೇಲೆ, ಪುಣ್ಯ, ತಿರುಗಿ ಮಾದರಿಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಒಂದು ಬೇಡದ ಮರದ ತುಂಡು ತೆಗೆದುಕೊಂಡು ಉಜ್ಜುಗೊರಡು ಆಡಿಸತೊಡಗಿದಳು. ಕೋಪ ಬಂದಾಗ ಅವಳು ಮಾಡುತ್ತಿದ್ದುದೇ ಅದು. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಕಾಲಬುಡಕ್ಕೆ ಬಿತ್ತು. ಕಾಲು ಗಂಟೆ ಕಳೆಯಿತು. ಮರದ ತುಂಡು ಅರ್ಧವಾದಾಗ ಅವಳಿಗೆ ಆ ಕೋಕ್‌ನ ದಿನ ನೆನಪಾಯಿತು. ಕುಲುಮೆಯವನು ಎಲ್ಲರ ಮುಂದೆ ಹೇಳಿದ್ದ. ಅವನು ಹೇಳಿದ್ದು ಸರಿಯಿತ್ತು. ಅವಳು ಒಳ್ಳೆಯದಾಯಿತು ಎಂದಿದ್ದಳು. ಆಮೇಲೆ ಮೂರು ವಾರ ಅವನ ಹಿಂದಿನ ಗೋಡೆ ನೋಡಿದ್ದಳು, ನಿಜ. ಆ ಗೋಡೆಯ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕೂಡ ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

ಬಾಯಿಗೆ ಬೀಗ ಹಾಕಿದ್ದಳೇ ಹೊರತು ಮುಖಕ್ಕೆ ಹಾಕಿರಲಿಲ್ಲ. ಅಣ್ಣನಂತಲ್ಲ ನಾನು, ನಾನು ಕೇಳಿಸಿಕೊಳ್ಳುವವಳು ಎಂಬ ಹೆಮ್ಮೆಯೇ ಅವಳ ಕಿವಿಗೆ ಹತ್ತಿ ತುರುಕಿತ್ತು. ಅವಳಿಗೆ ತನ್ನ ಬಗ್ಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಎರಕ ಆಗುವುದಿಲ್ಲ. ಮರಗೆಲಸದವಳ ಬುದ್ಧಿ ಅವಳದು, ಸೊಟ್ಟ ಹಲಗೆಯನ್ನು ಬೈಯುತ್ತ ಕೂರುವುದಿಲ್ಲ, ಸೊಟ್ಟವನ್ನು ತಡೆಯುವ ಬೆಣೆ ಎಲ್ಲಿ ಹೊಡೆಯಬೇಕೆಂದು ನೋಡುತ್ತದೆ. ಮುಖ ತನ್ನ ಮಾತು ಕೇಳುವುದಿಲ್ಲ, ನಾಳೆಯೂ ಕೇಳುವುದಿಲ್ಲ, ನಲವತ್ತಾರು ವರ್ಷದಲ್ಲಿ ಕೇಳಿಲ್ಲ. ಹಾಗಾದರೆ ತನ್ನ ಮುಖ ಹೇಗಾದರೂ ಇರಲಿ, ಬೇರೆಯವರ ಮಾತಿಗೆ ಕೆಲಸ ನಿಲ್ಲಬೇಕು. ತನ್ನನ್ನು ತಾನು ನಂಬದೆ ಕೈಯಲ್ಲಿರುವುದನ್ನು ಬಿಟ್ಟುಕೊಡಬೇಕು. ಅವಳು ಕೊರಳಿಗೆ ಕೈ ಹಾಕಿದಳು. ಅಲ್ಲಿ ಹಿತ್ತಾಳೆಯ ಸೀಟಿ ಇತ್ತು.

ಅಪ್ಪನ ಕಾಲದಿಂದ ಎರಕ ಶುರುವಾಗುವುದು ಆ ಸೀಟಿಯಿಂದಲೇ. ಯಜಮಾನ ಅಚ್ಚನ್ನು ಒಂದು ಸುತ್ತು ಬಂದು ಊದುತ್ತಾನೆ, ಆಗ ಕುಲುಮೆಯ ಬಾಯಿ ತೆರೆಯುತ್ತಾರೆ. ಕರಗಿದ ಕಬ್ಬಿಣ ದೊಡ್ಡ ಬಕೆಟ್ಟಿಗೆ ಇಳಿಯುತ್ತದೆ, ಕ್ರೇನು ಆ ಬಕೆಟ್ಟನ್ನು ಎತ್ತಿ ಅಚ್ಚಿನ ಮೇಲೆ ತರುತ್ತದೆ. ಸೀಟಿ ಊದುವ ತನಕ ಯಾರೂ ಅಲ್ಲಾಡುವುದಿಲ್ಲ.

ಒಂದೂವರೆಗೆ ಎಲ್ಲರನ್ನೂ ಅಚ್ಚಿನ ಸುತ್ತ ಕರೆದಳು. ಅಣ್ಣನೂ ಬಂದಿದ್ದ. ಯಾರೋ ಅವನಿಗೆ ಕಂಬದ ಪಕ್ಕ ಕುರ್ಚಿ ಹಾಕಿದ್ದರು.

"ಕಿಟಕಿ ಗಾಜು ನಾಳೆ ಹಾಕಿಸ್ತೀನಿ," ಎಂದು ಶುರುಮಾಡಿದಳು ಅಕ್ಕ. "ಇನ್ನೇನೇನು ಸಾಮಾನು ಮರಳಿನ ರಾಶಿ ಹಿಂದೆ ವ್ಯಾಪಾರಕ್ಕೆ ಇದ್ಯೋ ಒಂದು ಪಟ್ಟಿ ಕೊಡಿ, ಒಟ್ಟಿಗೆ ತರಿಸ್ತೀನಿ."

ಮಾಳಿಗೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕುಲುಮೆಯವನು ತನ್ನ ಬೂಟಿನಲ್ಲಿ ಏನೋ ಹುಡುಕತೊಡಗಿದ.

"ನಿಮ್ಮ ತಪ್ಪಿಲ್ಲ, ನಂದೇ. ಕೋಕ್ ವಿಷಯ ಹೇಳಿದಾಗ ನಾನು ಗೋಡೆ ನೋಡಿದ್ದು ನಿಜ." ಅವಳು ಕುಲುಮೆಯವನ ಮುಖವನ್ನೇ ನೋಡಿ ಹೇಳಿದಳು. "ಇನ್ನೊಂದು ಸಲ ಹಾಗೆ ಮಾಡಲ್ಲ ಅಂತ ಮಾತು ಕೊಡೋಕೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ನನ್ನ ಮುಖ ಗಂಟಾಗತ್ತೆ, ಹುಟ್ಟಿದಾಗಿಂದ ಹಾಗೇ. ಅದಕ್ಕೆ ಮುಖ ನೋಡ್ಬೇಡಿ, ಅಚ್ಚು ನೋಡಿ. ಇವತ್ತಿಂದ ಸೀಟಿ ನನ್ನ ಹತ್ರ ಇರಲ್ಲ. ಎದುರು ಮಾತಿನ ಪಾಳಿ ಯಾರದ್ದೋ ಅವರ ಕೊರಳಲ್ಲಿರತ್ತೆ. ಅವರಿಗೆ ಸರಿ ಅನ್ಸೋ ತನಕ ಊದೋ ಹಾಗಿಲ್ಲ. ಅವರು ಊದೋ ತನಕ ಕುಲುಮೆ ತೆಗೆಯೋ ಹಾಗಿಲ್ಲ. ನಾನು ಕೂಗಿದ್ರೂ ತೆಗೀಬೇಡಿ."

ಸೀಟಿಯನ್ನು ಅಜ್ಜನ ಕೊರಳಿಗೆ ಹಾಕಿದಳು. ಅಣ್ಣ ಕುರ್ಚಿಯಲ್ಲಿ ಒಮ್ಮೆ ಮಿಸುಕಾಡಿ, ಇದೆಂಥ ಹುಚ್ಚಾಟ ಎನ್ನುವಂತೆ ಸೂರು ನೋಡಿದ.

ಎರಡು ಗಂಟೆಗೆ ಕಬ್ಬಿಣ ಹದಕ್ಕೆ ಬಂತು. ಅಜ್ಜ ಕುಂಟುತ್ತ ಅಚ್ಚಿನ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಹಬೆ ಹೋಗಲು ಬಿಟ್ಟ ತೂತಿಗೆ ಮೂಗು ಹಚ್ಚಿ ನಿಂತ. ಸೀಟಿ ಬಾಯಿಗೆ ಹೋಗಲಿಲ್ಲ.

ಐದು ನಿಮಿಷವಾಯಿತು. ಕುಲುಮೆ ಮೊರೆಯುತ್ತಿತ್ತು.

"ಅಕ್ಕ, ಇದು ಕಾಯ್ತಾ ಕೂರೋ ಸಾಮಾನಲ್ಲ," ಎಂದ ಕುಲುಮೆಯವನು.

"ನನಗ್ಯಾಕೆ ಹೇಳ್ತೀಯ? ಸೀಟಿ ನನ್ನ ಹತ್ರ ಇಲ್ಲ." ಅವಳು ಅಜ್ಜನ ಹತ್ತಿರ ಹೋದಳು. "ಏನಜ್ಜ?"

"ಹಸಿ ವಾಸನೆ ಬರ್ತಿದೆ."

"ಮೂವತ್ತು ಗಂಟೆ ಬಿಸಿಗಾಳಿ ಕೊಟ್ಟಿದೀವಿ."

"ನಲವತ್ತು ಕೊಡಬೇಕಿತ್ತು."

"ಹೊಸ ಬ್ಲೋವರು ಅಜ್ಜ. ಹಳೇದರ ಎರಡರಷ್ಟು ಹೊಡೆಯತ್ತೆ. ನಾನೇ ಮರಳಿನ ತುಂಡು ಒಣಗಿಸಿ, ತೂಕ ಹಾಕಿ ನೋಡಿದೀನಿ."

"ಗೊತ್ತು."

"ಮತ್ತೆ?"

ಅಜ್ಜ ಅಕ್ಕನ ಮುಖ ನೋಡಲು ಹೋದವನು ನೆನಪಾಗಿ ಅಚ್ಚಿನ ಕಡೆ ನೋಡಿದ. "ಆವತ್ತೂ ಇದೇ ವಾಸನೆ ಬಂದಿತ್ತು, ಅಕ್ಕ. ನನ್ನ ಕಾಲು ಸುಟ್ಟ ದಿನ. ಅಚ್ಚು ಹಸಿ ಇದೆ ಅಂತ ನನಗೆ ಗೊತ್ತಿತ್ತು. ಹೇಳೋಣ ಅಂತ ಅಣ್ಣಾವ್ರ ಕಡೆ ತಿರುಗಿದೆ. ಅವರ ಮುಖ ನೋಡಿದೆ. ಬಾಯೇ ಬರಲಿಲ್ಲ."

ಕಂಬದ ಪಕ್ಕದ ಕುರ್ಚಿ ಕಿರ್ರೆಂದಿತು. ಐದು ವರ್ಷ ಅಣ್ಣ ಅದನ್ನು ಗ್ರಹಚಾರ ಎಂದುಕೊಂಡೇ ಬದುಕಿದ್ದ. ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವಂತಿರಲಿಲ್ಲ ಎಂದು ಮನೆಯಲ್ಲಿ ಎಷ್ಟು ಸಲ ಹೇಳಿದ್ದನೋ.

ಅಕ್ಕನಿಗೆ ಅಚ್ಚು ಒಣಗಿದೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೈಯಲ್ಲಿದ್ದ ಒಂದು ದಿನ ಈಗ ಹೋಗುತ್ತದೆ. ತಾನು ಸರಿ, ಈ ಮುದುಕ ತಪ್ಪು, ಇಡೀ ಕಾರ್ಖಾನೆ ನೋಡುತ್ತ ನಿಂತಿದೆ. ಕೈ ಚಾಚಿದರೆ ಸೀಟಿ ಸಿಗುವಷ್ಟು ಹತ್ತಿರದಲ್ಲಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಕಬ್ಬಿಣ ಪಕ್ಕದ ಕಾಲುವೆಗೆ ಬಿಟ್ಟುಬಿಡು," ಎಂದಳು ಕುಲುಮೆಯವನಿಗೆ.

ನೆಲದ ಮರಳಿನಲ್ಲಿ ತೋಡಿದ್ದ ಕಾಲುವೆಗಳಿಗೆ ಕಬ್ಬಿಣ ಕೆಂಪಗೆ ಹರಿದು ಇಟ್ಟಿಗೆ ಇಟ್ಟಿಗೆಯಾಗಿ ಕೂತಿತು. ಮತ್ತೆ ಕರಗಿಸಬಹುದು, ಕಬ್ಬಿಣ ಎಲ್ಲೂ ಹೋಗುವುದಿಲ್ಲ. ಹೋದದ್ದು ದಿನ.

ಮಾಳಿಗೆ ಕ್ರೇನು ತಂದು ಅಚ್ಚಿನ ಮೇಲರ್ಧದ ಪೆಟ್ಟಿಗೆಯನ್ನು ನಿಧಾನವಾಗಿ ಎತ್ತಿ ಪಕ್ಕಕ್ಕಿಟ್ಟ. ಅಜ್ಜ ಒಳಗೆ ಬಗ್ಗಿ ಅಂಗೈ ಇಟ್ಟು ನೋಡಿದ. ತಂತಿ ಚುಚ್ಚಿ ತೆಗೆದು ತುಟಿಗೆ ತಾಗಿಸಿದ. ಜೇಬಿನಿಂದ ಕನ್ನಡಿಯ ತುಂಡು ತೆಗೆದು ಬೆಚ್ಚಗಿನ ಮರಳಿಗೆ ಹಿಡಿದ. ಒಂದಿಷ್ಟು ತೇವವಿದ್ದರೂ ಕನ್ನಡಿ ಮಂಜಾಗಬೇಕು. ಮೂರು ಕಡೆ ಹಿಡಿದ, ಮೂರು ಕಡೆಯೂ ಕನ್ನಡಿ ನಿಚ್ಚಳವಾಗಿತ್ತು. ಅಚ್ಚು ಹಪ್ಪಳದಂತೆ ಒಣಗಿತ್ತು.

ವಾಸನೆ ಎಲ್ಲಿಂದ ಎಂಬುದೂ ಆಗಲೇ ಗೊತ್ತಾಯಿತು. ಗೋಡೆಯ ಬದಿಯಲ್ಲಿ ಜರಡಿಯವರು ನಾಳೆಯ ಸಣ್ಣ ಅಚ್ಚುಗಳಿಗೆಂದು ಮರಳಿಗೆ ನೀರು ಹಾಕಿಟ್ಟಿದ್ದರು. ಗಾಳಿ ಅದನ್ನು ಈ ಕಡೆ ತಂದಿತ್ತು, ಅಷ್ಟೇ.

ಅಜ್ಜ ಕೊರಳಿನ ಸೀಟಿ ತೆಗೆಯಲು ಹೋದ. ದಾರ ಕಿವಿಗೆ ಸಿಕ್ಕಿಕೊಂಡಿತು. "ಒಂದು ದಿನ ಹಾಳ್ಮಾಡ್ಬಿಟ್ಟೆ, ಅಕ್ಕ. ನನ್ನ ಮೂಗಿಗೆ ವಯಸ್ಸಾಯ್ತು."

"ನೋಡಿದ್ಯಾ?" ಅಣ್ಣ ಎದ್ದು ನಿಂತಿದ್ದ. ಸ್ವಲ್ಪ ಮುಂಚೆ ತಿಂದ ಏಟಿಗೆ ಅವನಿಗೆ ಎಲ್ಲಾದರೂ ಹೊಡೆಯಬೇಕಿತ್ತು. "ಬೆಳಿಗ್ಗೆ ಇದನ್ನೇ ಹೇಳಿದ್ದು ನಾನು. ನಿನ್ನ ಕೈಲಿದ್ದ ಸೀಟಿ ಬೇರೆಯವರಿಗೆ ಕೊಟ್ರೆ ಹೀಗೇ ಆಗೋದು."

ಎಲ್ಲರ ಕಣ್ಣೂ ಅಕ್ಕನ ಮೇಲೆ. ತಪ್ಪು ಮಾಡಿದಾಗ ಬೈಸಿಕೊಳ್ಳುವುದು ಸುಲಭದ ಕೆಲಸ, ಎಂಟು ತಿಂಗಳಿಂದ ಅವಳು ಮಾಡಿದ್ದೂ ಅದನ್ನೇ. ತಾನು ನೂರಕ್ಕೆ ನೂರು ಸರಿಯಿದ್ದು, ಎದುರಿನವನು ತಪ್ಪಿದ್ದು, ನಷ್ಟ ಕಣ್ಣೆದುರು ಬಿದ್ದಿರುವಾಗ ಸುಮ್ಮನಿರಬೇಕಲ್ಲ, ಅದಕ್ಕೆ ಎದೆಗಾರಿಕೆ ಬೇಕು. ಅವಳ ನಾಲಿಗೆಯ ತುದಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯದಿರುವುದೇ ಮೇಲು. ಅವಳು ಎಲ್ಲರಿಗೂ ಬೆನ್ನು ಹಾಕಿ ನಿಂತು, ಬಿಸಿಯಾಗಿದ್ದ ಅಚ್ಚಿನ ಅಂಚನ್ನು ಕೈಯಿಂದ ಒಂದೆರಡು ಸಲ ಸವರಿದಳು. ಮುಖದ ಗಂಟು ಅಚ್ಚಿಗೆ ಕಾಣಲಿ ಬಿಡು ಎಂದುಕೊಂಡಳು. ಆಮೇಲೆ ತಿರುಗಿದಳು.

"ಸೀಟಿ ತೆಗೀಬೇಡಿ ಅಜ್ಜ. ನಿಮ್ಮ ಪಾಳಿ ಐದು ಗಂಟೆ ತನಕ ಇದೆ."

"ಆದ್ರೆ ಅಚ್ಚು ಸರಿಯಾಗೇ ಇತ್ತಲ್ಲಕ್ಕ."

"ಇತ್ತು. ಅನುಮಾನ ಬಂತು, ನಿಲ್ಲಿಸಿದ್ರಿ. ನಾಳೆ ಅನುಮಾನ ಬಂದ್ರೆ ನಾಳೆನೂ ನಿಲ್ಲಿಸಿ." ಅವಳು ಅಣ್ಣನ ಕಡೆ ನೋಡಿದಳು. ದನಿ ಏರಲಿಲ್ಲ. "ಅಣ್ಣ, ಇವತ್ತು ನನಗೆ ಒಂದು ದಿನ ಹೋಯ್ತು. ಆವತ್ತು ಅಜ್ಜ ಬಾಯಿ ಬಿಟ್ಟಿದ್ರೆ ನಿನಗೂ ಅಷ್ಟೇ ಹೋಗ್ತಿತ್ತು. ಒಂದು ದಿನ."

ಅಣ್ಣ ಕೂತುಕೊಂಡ.

ಅಕ್ಕ ಗೋಡೆಯ ಫೋನಿಗೆ ಹೋಗಿ ಪಂಪಿನವರಿಗೆ ತಾನೇ ಮಾತಾಡಿದಳು. ಎರಕ ನಾಳೆಗೆ ಹೋಗಿದೆ, ಅನುಮಾನ ಬಂದು ನಿಲ್ಲಿಸಿದೆವು, ಗುರುವಾರದ ಲಾರಿಗೆ ಇನ್ನೂ ಸಿಗುತ್ತದೆ, ಆದರೆ ಇನ್ನೇನಾದರೂ ಕಂಡರೆ ಮತ್ತೂ ನಿಲ್ಲಿಸುತ್ತೇವೆ, ಆಗ ತಡವಾಗುತ್ತದೆ ಎಂದಳು. ಆ ಕಡೆಯವನು ಗೊಣಗಿದ. ಗೊಣಗಲಿ ಎಂದು ಬಿಟ್ಟಳು. ಹಿಂದಿರುಗಿ, "ಮುಚ್ಚಿ ಅಚ್ಚು. ನಾಳೆ ಬೆಳಿಗ್ಗೆ ಹತ್ತಕ್ಕೆ ಎರಕ," ಎಂದಳು.

ಜನ ಚದುರಿದರು. ಮಾಳಿಗೆ ಮಾತ್ರ ಏಣಿಯ ಬುಡದಲ್ಲಿ ನಿಂತೇ ಇದ್ದ. ಒಂದು ಮೆಟ್ಟಿಲು ಹತ್ತಿದ, ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ.

"ಅಕ್ಕ, ಇವತ್ತು ನನ್ನ ಪಾಳಿ ಅಲ್ಲ."

"ಪರವಾಗಿಲ್ಲ, ಹೇಳು."

"ಕ್ರೇನಿನ ಬ್ರೇಕು ಜಾರತ್ತೆ."

ಜರಡಿಯ ಸದ್ದು ನಿಂತಿತು. ಎಲ್ಲೋ ಒಂದು ಸಲಾಕೆ ನೆಲಕ್ಕೆ ಬಿತ್ತು.

"ಒಂದು ಟನ್‌ಗೆ ಹಿಡಿಯತ್ತೆ," ಎಂದು ಮಾಳಿಗೆ ಒಂದೇ ಉಸಿರಿಗೆ ಹೇಳತೊಡಗಿದ. "ಈಗ ಎತ್ತಿದ ಪೆಟ್ಟಿಗೆ ಅಷ್ಟಕ್ಕೇನೂ ಆಗಲ್ಲ. ಅದಕ್ಕಿಂತ ಜಾಸ್ತಿ ಆದ್ರೆ ಜಾರತ್ತೆ. ಮೂರು ವಾರ ಆಯ್ತು ಗೊತ್ತಾಗಿ. ನಾನು ಕೈಯಲ್ಲೇ ಮೋಟರು ಹಿಂದೆ ಮುಂದೆ ಮಾಡಿ ನಿಲ್ಲಿಸ್ತಿದ್ದೆ. ಇವತ್ತೂ ನಿಲ್ಲಿಸ್ಬೋದು ಅಂದ್ಕೊಂಡಿದ್ದೆ. ದೊಡ್ಡ ಎರಕದ ಮುಂದೆ ಕ್ರೇನು ಬಿಚ್ಚಿಸ್ಬೇಕು ಅಂದ್ರೆ ನಿಮಗೆ..." ಮಾತು ಅಲ್ಲಿಗೆ ನಿಂತಿತು.

ಅಕ್ಕ ಬಕೆಟ್ಟಿಗೆ ಹಳೆಯ ಕಬ್ಬಿಣದ ತುಂಡುಗಳನ್ನು ಎರಡು ಟನ್ ತೂಗುವಷ್ಟು ತುಂಬಿಸಿದಳು. ಎಲ್ಲರನ್ನೂ ಹಿಂದೆ ಸರಿಸಿದಳು. ಮಾಳಿಗೆ ಮೇಲೆ ಹತ್ತಿ ಬಕೆಟ್ಟನ್ನು ಆಳೆತ್ತರ ಎತ್ತಿ, ಅಚ್ಚಿನ ಬಳಿಗೆ ತಂದು, ಬ್ರೇಕು ಹಾಕಿ ಎರಡೂ ಕೈ ಮೇಲೆತ್ತಿ ತೋರಿಸಿದ. ಬಕೆಟ್ಟು ನಿಂತಿತು. ಒಂದು ಉಸಿರು, ಎರಡು ಉಸಿರು. ಮೂರನೆಯದಕ್ಕೆ ಗೇಣಷ್ಟು ಜಾರಿತು. ಇನ್ನೊಂದು ಗೇಣು. ಆಮೇಲೆ ಗೇಣಿನ ಲೆಕ್ಕ ಉಳಿಯಲಿಲ್ಲ. ಧಡ್ ಎಂದು ನೆಲಕ್ಕೆ ಬಿದ್ದು, ವಾಲಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅಡ್ಡಡ್ಡ ಕಾರಿಕೊಂಡಿತು. ಕಾಲಡಿಯ ನೆಲ ಅದುರಿತು.

ಕಬ್ಬಿಣ ಚೆಲ್ಲಿದ ಜಾಗ ಎಲ್ಲರಿಗೂ ಗೊತ್ತಿದ್ದದ್ದೇ. ಎರಕದ ಹೊತ್ತಿಗೆ ಅಲ್ಲಿ ನಾಲ್ವರು ನಿಲ್ಲುತ್ತಾರೆ. ಬಕೆಟ್ಟು ಬಾಗಿಸುವವರು ಇಬ್ಬರು, ಅಚ್ಚು ನೋಡಿಕೊಳ್ಳಲು ಅಜ್ಜ, ಅಜ್ಜನ ಎದುರಿಗೆ ಯಜಮಾನಿ. ಎರಡು ಗಂಟೆಗೆ ಸೀಟಿ ಊದಿದ್ದರೆ ಬಿದ್ದ ಕಬ್ಬಿಣ ತಣ್ಣಗಿರುತ್ತಿರಲಿಲ್ಲ. ಅಕ್ಕ ಪಕ್ಕದ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೀಯಲ್ಲೋ ಎಂಬ ಮಾತು ಅವಳ ಗಂಟಲಿನವರೆಗೆ ಬಂತು. ಯಾಕೆ ಹೇಳಲಿಲ್ಲ ಎಂದು ಕೇಳಬೇಕಿಲ್ಲವಲ್ಲ, ಉತ್ತರ ಬೆಳಿಗ್ಗೆ ಮರಳಿನ ರಾಶಿಯ ಹಿಂದೆಯೇ ಕೇಳಿಸಿಕೊಂಡಿದ್ದಳು. ಮಾತನ್ನು ನುಂಗಿದಳು. ಅದು ಕಷ್ಟಪಟ್ಟುಕೊಂಡೇ ಕೆಳಗಿಳಿಯಿತು.

"ಬ್ರೇಕಿನವರಿಗೆ ಈಗಲೇ ಹೇಳಿಕಳಿಸಿ. ಅದು ರಿಪೇರಿ ಆಗೋ ತನಕ ಎರಕ ಇಲ್ಲ. ಲಾರಿ ಕಾಯ್ಲಿ," ಎಂದಳು. ಮೇಲೆ ನೋಡಿ, "ಮಾಳಿಗೆ, ಇಳಿದು ಬಾ. ಟೀ ಕುಡಿ," ಎಂದಳು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಚೆಲ್ಲಿದ ಕಬ್ಬಿಣದ ಎದುರೇ ಕೂತು ಎಲ್ಲರನ್ನೂ ನೋಡಿದಳು. "ಇನ್ನೂ ಯಾರ ಹತ್ರ ಏನಿದೆ?"

ಕಂಬದ ಬಳಿಯಿಂದ ಅಣ್ಣ ಎದ್ದು ಬಂದ. ಬಂದವನು ಅಕ್ಕನ ಹತ್ತಿರ ಹೋಗಲಿಲ್ಲ, ಅಜ್ಜನ ಮುಂದೆ ನಿಂತ. ಇಷ್ಟು ವರ್ಷದಲ್ಲಿ ಅವನು ಅಜ್ಜನಿಗೆ ಸಾವಿರ ಮಾತು ಹೇಳಿದ್ದ, ಒಂದನ್ನೂ ಕೇಳಿರಲಿಲ್ಲ.

"ಆವತ್ತು ನನ್ನ ಮುಖ ಅಷ್ಟು ಕೆಟ್ಟದಾಗಿತ್ತಾ?" ಎಂದು ಕೇಳಿದ.

ಅಜ್ಜ ಈ ಸಲ ಅಚ್ಚಿನ ಕಡೆ ನೋಡಲಿಲ್ಲ. ಅಣ್ಣನ ಮುಖವನ್ನೇ ನೋಡಿ, "ಇತ್ತು," ಎಂದ.

ಅಣ್ಣ ತಲೆಯಾಡಿಸಿ ಅಲ್ಲಿಯೇ ಅಜ್ಜನ ಪಕ್ಕ ನೆಲದ ಮೇಲೆ ಕೂತ. ಅಷ್ಟರಲ್ಲಿ ಹಿಂದಿನಿಂದ ಕುಲುಮೆಯವನ ಕೈ ಮೇಲೆದ್ದಿತ್ತು, ಜರಡಿಯವಳೊಬ್ಬಳ ಕೈಯೂ ಎದ್ದಿತ್ತು. ಅಕ್ಕನ ಮುಖ ಗಂಟಾಗಿಯೇ ಇತ್ತು. ಅವಳು ಕುಲುಮೆಯವನ ಕಣ್ಣನ್ನೇ ನೋಡುತ್ತ, "ಹೇಳು," ಎಂದಳು.